ರಕ್ತಪರೀಕ್ಷೆಯ ಒರೆಗಲ್ಲು

ಅಕ್ಕಸಾಲಿಗನು ಚಿನ್ನದ ಒಡವೆಯೊಂದರ ಗುಣವನ್ನು ತಿಳಿಯಬೇಕಾದಾಗ ಅದನ್ನು ಕರಿಯ ಒರೆಗಲ್ಲಿನ ಮೇಲೆ ಉಜ್ಜಿ ಒಂದು ಗೆರೆಯನ್ನು ಮೂಡಿಸುತ್ತಾನೆ. ಆದರೆ ಆ ಒಂದು ಗೆರೆಯಿಂದಲೇ ಅವನು ತೀರ್ಪು ಹೇಳುವುದಿಲ್ಲ. ಮಟ್ಟ ಮೊದಲೇ ಗೊತ್ತಿರುವ ಚಿನ್ನದ ಕಡ್ಡಿಯಿಂದ ಅದರ ಪಕ್ಕದಲ್ಲಿಯೇ ಮತ್ತೊಂದು ಗೆರೆಯನ್ನೆಳೆದು, ಎರಡರ ಬಣ್ಣವನ್ನೂ ಹೋಲಿಸಿ ನೋಡುತ್ತಾನೆ. ಒರೆಗಲ್ಲಿನ ಬೆಲೆಯೆಲ್ಲವೂ ಈ ಎರಡನೆಯ ಗೆರೆಯಲ್ಲಿದೆ. ಆ ಕಡ್ಡಿಯೇ ಕಲಬೆರಕೆಯದಾಗಿದ್ದರೆ ಅಕ್ಕಸಾಲಿಗನ ಕಣ್ಣು ಎಷ್ಟು ಚುರುಕಾಗಿದ್ದರೂ ತೀರ್ಪು ತಪ್ಪಾಗುವುದು ಖಂಡಿತ.

ಇಂದಿನ ವೈದ್ಯಕೀಯ ಪ್ರಯೋಗಶಾಲೆಗಳಲ್ಲಿ ದಿನನಿತ್ಯ ನಡೆಯುವ ಎಚ್.ಐ.ವಿ. ಪರೀಕ್ಷೆಯೂ ಬಹುಮಟ್ಟಿಗೆ ಇದೇ ಬಗೆಯದು. ಇಲ್ಲಿಯೂ ಬಣ್ಣವನ್ನು ನೋಡಿ ತೀರ್ಪು ಹೇಳಬೇಕು. ಆದರೆ ಇಲ್ಲಿ ತಪ್ಪಿದರೆ ತೆರಬೇಕಾದ ಬೆಲೆ ಚಿನ್ನದ ಬೆಲೆಗಿಂತ ಬಹಳ ದೊಡ್ಡದು. ಸೋಂಕಿಲ್ಲದವನಿಗೆ ಸೋಂಕಿದೆಯೆಂದು ಹೇಳಿದರೆ ಒಂದು ಸಂಸಾರದ ನೆಮ್ಮದಿಯೇ ಕೆಡುವುದು; ಸೋಂಕಿರುವ ರಕ್ತವನ್ನು ಶುದ್ಧವೆಂದು ಹೇಳಿದರೆ ಅದು ರಕ್ತನಿಧಿಯ ಮೂಲಕ ಮತ್ತೊಬ್ಬ ರೋಗಿಯ ಮೈಯನ್ನು ಸೇರುವುದು. ಹೀಗಿರಲು, ಈ ಪರೀಕ್ಷೆಯಲ್ಲಿ ಪಕ್ಕದ ಗೆರೆಯ ಕೆಲಸವನ್ನು ಮಾಡುವ ವಸ್ತು ಯಾವುದು, ಅದನ್ನು ಹೇಗೆ ತಯಾರಿಸುತ್ತಾರೆ, ಅದರ ಸಾಚಾತನವನ್ನು ಹೇಗೆ ನಿರ್ಣಯಿಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಪರೀಕ್ಷೆಯ ತತ್ತ್ವ

ಏಡ್ಸ್ ರೋಗದ ಮೊದಲ ವರದಿ ಅಮೆರಿಕದಲ್ಲಿ 1981ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದಕ್ಕೆ ಕಾರಣವಾದ ವೈರಸ್ಸನ್ನು ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮಾಂತಾನ್ಯೇ ಮತ್ತು ಅವರ ಸಹೋದ್ಯೋಗಿಗಳು 1983ರಲ್ಲಿ ಬೇರ್ಪಡಿಸಿದರು. ರಕ್ತವನ್ನು ಪರೀಕ್ಷಿಸುವ ಮೊದಲ ಕಿಟ್ಟಿಗೆ ಅಮೆರಿಕದಲ್ಲಿ 1985ರ ಮಾರ್ಚ್ ತಿಂಗಳಲ್ಲಿ ಪರವಾನಗಿ ದೊರೆಯಿತು.

ಈ ಪರೀಕ್ಷೆಯು ವೈರಸ್ಸನ್ನು ನೇರವಾಗಿ ಹುಡುಕುವುದಿಲ್ಲ. ಅದು ಒಳಹೊಕ್ಕುದಕ್ಕೆ ದೇಹವು ಕೊಟ್ಟ ಉತ್ತರವನ್ನು ಹುಡುಕುತ್ತದೆ. ಹೊರಗಿನ ಪ್ರೋಟೀನು ಒಳಹೊಕ್ಕಾಗ ದೇಹವು ಅದಕ್ಕೆ ಅಂಟಿಕೊಳ್ಳುವಂತಹ ವಿಶೇಷ ಪ್ರೋಟೀನುಗಳನ್ನು ತಯಾರಿಸುತ್ತದೆ. ಇವಕ್ಕೆ ಪ್ರತಿಕಾಯಗಳೆಂದು ಹೆಸರು. ಅವುಗಳನ್ನು ಹುಟ್ಟಿಸಿದ ಹೊರಗಿನ ವಸ್ತುವಿಗೆ ಪ್ರತಿಜನಕವೆಂದು ಹೆಸರು. ಬೀಗಕ್ಕೆ ಬೀಗದಕೈ ಹೊಂದುವಂತೆ ಪ್ರತಿಜನಕಕ್ಕೆ ಅದರದೇ ಪ್ರತಿಕಾಯವು ಹೊಂದುತ್ತದೆ.

ಬಹುವಾಗಿ ಬಳಕೆಯಲ್ಲಿರುವ ವಿಧಾನಕ್ಕೆ ಎಲೈಸಾ ಎಂದು ಹೆಸರು. ಸ್ವೀಡನ್ನಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಎಂಬವರು ಇದನ್ನು 1971ರಲ್ಲಿ ಪ್ರಕಟಿಸಿದರು. ಇದರಲ್ಲಿ 96 ಕುಳಿಗಳುಳ್ಳ ಒಂದು ಪ್ಲಾಸ್ಟಿಕ್ ಫಲಕವಿರುತ್ತದೆ. ಪ್ರತಿಯೊಂದು ಕುಳಿಯ ಒಳಮೈಗೂ ವೈರಸ್ಸಿನ ಪ್ರತಿಜನಕವನ್ನು ಲೇಪಿಸಿರುತ್ತಾರೆ. ಅದಕ್ಕೆ ಪರೀಕ್ಷಿಸಬೇಕಾದ ರಕ್ತದ ಸೀರಮ್ಮನ್ನು, ಅಂದರೆ ರಕ್ತವು ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಹಾಕಿ 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಪ್ರತಿಕಾಯಗಳಿದ್ದರೆ ಅವು ಗೋಡೆಗೆ ಅಂಟಿಕೊಳ್ಳುತ್ತವೆ. ಉಳಿದುದೆಲ್ಲವೂ ತೊಳೆದಾಗ ಹೋಗುತ್ತದೆ. ತರುವಾಯ, ಮನುಷ್ಯನ ಪ್ರತಿಕಾಯಗಳನ್ನು ಹಿಡಿಯಬಲ್ಲ ಮತ್ತೊಂದು ವಸ್ತುವನ್ನು ಒಂದು ಕಿಣ್ವದೊಡನೆ ಜೋಡಿಸಿ ಕುಳಿಗೆ ಹಾಕುತ್ತಾರೆ. ಮತ್ತೆ ತೊಳೆದು, ಕಿಣ್ವದ ಸಂಪರ್ಕದಿಂದ ಬಣ್ಣಗೊಳ್ಳುವ ದ್ರವವನ್ನು ಸೇರಿಸುತ್ತಾರೆ. ಪ್ರತಿಕಾಯಗಳು ಹೆಚ್ಚಾಗಿದ್ದಷ್ಟೂ ಬಣ್ಣವು ಗಾಢವಾಗುತ್ತದೆ. ದ್ಯುತಿಮಾಪಕವೆಂಬ ಯಂತ್ರವು ಈ ಬಣ್ಣವನ್ನು ಸಂಖ್ಯೆಯಾಗಿ ತೋರಿಸುತ್ತದೆ. ಆ ಸಂಖ್ಯೆಯು ಗೊತ್ತುಪಡಿಸಿದ ಗಡಿಯನ್ನು ದಾಟಿದರೆ ಮಾದರಿಯು ಪ್ರತಿಕ್ರಿಯೆ ತೋರಿತೆಂದೂ, ದಾಟದಿದ್ದರೆ ತೋರಲಿಲ್ಲವೆಂದೂ ಬರೆದುಕೊಳ್ಳುತ್ತಾರೆ.

ಇಷ್ಟು ಹೆಜ್ಜೆಗಳಲ್ಲಿ ಯಾವುದೊಂದು ಕೆಟ್ಟರೂ ಬಣ್ಣವು ಬದಲಾಗುವುದು. ಶಾಖ ಕಡಮೆಯಾಗಬಹುದು, ತೊಳೆಯುವ ಯಂತ್ರದ ನಳಿಕೆಯೊಂದು ಕಟ್ಟಿಕೊಂಡಿರಬಹುದು, ಕಿಟ್ಟು ಸಾಗಣೆಯಲ್ಲಿ ಬಿಸಿಲಿಗೆ ಸಿಕ್ಕಿ ಕಿಣ್ವದ ಶಕ್ತಿ ಕುಂದಿರಬಹುದು, ಹೊಸ ಬ್ಯಾಚಿನ ಪ್ರತಿಜನಕವು ಹಳೆಯದರಷ್ಟು ಚೆನ್ನಾಗಿಲ್ಲದಿರಬಹುದು. ಬರಿಯ ರೋಗಿಯ ಮಾದರಿಯನ್ನು ನೋಡಿದವನಿಗೆ ಇದಾವುದೂ ತಿಳಿಯುವಂತಿಲ್ಲ.

ಶೇಕಡಾ ಅರ್ಧದ ಮಹತ್ತ್ವ

ಅಲ್ಪಸ್ವಲ್ಪ ವ್ಯತ್ಯಾಸದಿಂದ ಏನಾದೀತು ಎಂದು ಕೆಲವರು ಕೇಳಬಹುದು. ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಲಕ್ಷ ಜನರ ಪೈಕಿ 200 ಮಂದಿಗೆ ಸೋಂಕಿದೆಯೆಂದು ಭಾವಿಸೋಣ. ನಮ್ಮ ಕಿಟ್ಟು ಸೋಂಕಿರುವವರನ್ನೆಲ್ಲ ತಪ್ಪದೆ ಗುರುತಿಸುತ್ತದೆ, ಸೋಂಕಿಲ್ಲದವರಲ್ಲಿ ಶೇಕಡಾ 99.5ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದಿಟ್ಟುಕೊಳ್ಳೋಣ. ಮೊದಲನೆಯ ಗುಣಕ್ಕೆ ಸಂವೇದನಶೀಲತೆಯೆಂದೂ ಎರಡನೆಯದಕ್ಕೆ ನಿರ್ದಿಷ್ಟತೆಯೆಂದೂ ಹೆಸರು. ಕೇಳುವುದಕ್ಕೆ ಇದು ಉತ್ತಮವಾದ ಕಿಟ್ಟೇ ಸರಿ. ಆದರೆ ಸೋಂಕಿಲ್ಲದ 99,800 ಮಂದಿಯಲ್ಲಿ ಶೇಕಡಾ ಅರ್ಧವೆಂದರೆ 499 ಮಂದಿ. ಪ್ರತಿಕ್ರಿಯೆ ತೋರಿದ 699 ಮಂದಿಯಲ್ಲಿ ನಿಜವಾಗಿ ಸೋಂಕಿರುವವರು 200 ಮಂದಿ ಮಾತ್ರ!

ಆದುದರಿಂದಲೇ ಒಂದೇ ಪರೀಕ್ಷೆಯಿಂದ ಯಾರಿಗೂ ಸೋಂಕಿದೆಯೆಂದು ಹೇಳಬಾರದೆಂಬ ನಿಯಮವಿದೆ. ಬೇರೆ ಪ್ರತಿಜನಕಗಳನ್ನುಳ್ಳ, ಅಷ್ಟೇ ನಿರ್ದಿಷ್ಟತೆಯ ಎರಡನೆಯ ಕಿಟ್ಟಿನಿಂದ ಈ 699 ಮಾದರಿಗಳನ್ನು ಪರೀಕ್ಷಿಸಿದರೆ, ಎರಡೂ ಕಿಟ್ಟುಗಳ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದ ಪಕ್ಷದಲ್ಲಿ, ಸುಳ್ಳು ಪ್ರತಿಕ್ರಿಯೆಗಳು ಎರಡೋ ಮೂರೋ ಉಳಿಯುತ್ತವೆ. ಮೂರನೆಯ ಕಿಟ್ಟು ಅವನ್ನೂ ಬಹುಮಟ್ಟಿಗೆ ತೊಡೆದುಹಾಕುತ್ತದೆ. ಮೂರು ಪರೀಕ್ಷೆಗಳೂ ಒಂದೇ ಮಾತನ್ನು ಹೇಳಿದ ಮೇಲೆಯೇ ಸೋಂಕನ್ನು ಖಚಿತಪಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಎಲ್ಲ ದೇಶಗಳಿಗೂ ಸಲಹೆ ಮಾಡಿತು.

ಇನ್ನು, ಮೊದಲ ಕಿಟ್ಟಿನ ನಿರ್ದಿಷ್ಟತೆಯು ಯಾವುದೋ ಕಾರಣದಿಂದ 99.5ರಿಂದ 98.5ಕ್ಕೆ ಇಳಿಯಿತೆನ್ನೋಣ. ಸುಳ್ಳು ಪ್ರತಿಕ್ರಿಯೆಗಳು 499ರಿಂದ 1,497ಕ್ಕೆ, ಅಂದರೆ ಮೂರು ಪಟ್ಟಿಗೆ, ಏರುತ್ತವೆ. ಇಂತಹ ಸಣ್ಣ ಇಳಿತವನ್ನು ಮೊದಲೇ ಹಿಡಿಯಬೇಕಾದರೆ ಗುಣ ತಿಳಿದಿರುವ, ಬದಲಾಗದ ಮಾದರಿಯೊಂದು ಕೈಯಲ್ಲಿರಬೇಕು. ಅದನ್ನು ಪ್ರಮಾಣ ಮಾದರಿಯೆಂದು ಕರೆಯೋಣ.

ತೂಗಲಾಗದ ವಸ್ತುವಿನ ಅಳತೆ

ಉಪ್ಪು ಸಕ್ಕರೆಗಳನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಆದರೆ ರಕ್ತದಲ್ಲಿ ಸಾವಿರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಅವುಗಳಲ್ಲಿ ಒಂದು ರೋಗಕ್ಕೆ ಸಂಬಂಧಪಟ್ಟವನ್ನು ಮಾತ್ರ ಆರಿಸಿ ತೂಗುವುದು ಸಾಧ್ಯವಿಲ್ಲ. ಅವುಗಳ ಕೆಲಸವನ್ನು ನೋಡಿಯೇ ಅವುಗಳ ಬಲವನ್ನು ಅಳೆಯಬೇಕು.

ಈ ತೊಡಕನ್ನು ಮೊದಲು ಬಿಡಿಸಿದವನು ಜರ್ಮನಿಯ ಪಾಲ್ ಏರ್ಲಿಕ್. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಪ್ರಾಣಿಗಳ ಸೀರಮ್ಮಿನಲ್ಲಿ ರೋಗವಿಷವನ್ನು ತಡೆಯುವ ಪ್ರತಿವಿಷವಿರುವುದನ್ನು ತೋರಿಸಿದ್ದರು. ಗಂಟಲಮಾರಿಯಿಂದ ನರಳುವ ಮಕ್ಕಳಿಗೆ ಕುದುರೆಯ ಸೀರಮ್ಮನ್ನು ಚುಚ್ಚುವ ಚಿಕಿತ್ಸೆಯು ಅಲ್ಲಿಂದ ಬೆಳೆಯಿತು. ಆದರೆ ಒಂದು ಕುದುರೆಯ ಸೀರಮ್ಮಿನ ಬಲ ಇನ್ನೊಂದರದಕ್ಕೆ ಸಮವಾಗಿರಲಿಲ್ಲ. ವಿಷವನ್ನೇ ಅಳತೆಗೋಲಾಗಿಟ್ಟುಕೊಂಡು ಗಿನಿಯಿಲಿಗಳ ಮೇಲೆ ಪರೀಕ್ಷಿಸಿದರೆ, ವಿಷವು ಇಟ್ಟಲ್ಲಿಯೇ ಶಕ್ತಿಗುಂದಿ ಅಳತೆಗೋಲೇ ಕುಗ್ಗುತ್ತಿತ್ತು. ಏರ್ಲಿಕ್ ಈ ಕ್ರಮವನ್ನು ತಿರುಗುಮುರುಗು ಮಾಡಿದನು. ಅವನು ಒಂದು ಪ್ರತಿವಿಷದ ಸೀರಮ್ಮನ್ನು ನಿರ್ವಾತದಲ್ಲಿ ಒಣಗಿಸಿ, ತಂಪಾದ ಕತ್ತಲೆಯ ಜಾಗದಲ್ಲಿ ಇಟ್ಟನು. ಅದು ಬಹುಕಾಲ ಕೆಡದೆ ಉಳಿಯಿತು. 1897ರಲ್ಲಿ ಅದರ ಒಂದು ನಿಯತ ಪಾಲನ್ನೇ ಏಕಮಾನವೆಂದು ಸಾರಿ, ಉಳಿದೆಲ್ಲ ಸೀರಮ್ಮುಗಳನ್ನೂ ಅದರೊಡನೆ ಹೋಲಿಸಿ ಅಳೆಯುವ ಪದ್ಧತಿಯನ್ನು ಹಾಕಿಕೊಟ್ಟನು. ಈ ಅಳತೆಯು 1922ರಲ್ಲಿ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು.

ಏರ್ಲಿಕ್ಕನ ಮೂರು ಪಾಠಗಳು ಇಂದಿಗೂ ಬದಲಾಗಿಲ್ಲ. ಮೊದಲನೆಯದಾಗಿ, ಪ್ರಮಾಣವು ಕೆಡದೆ ಉಳಿಯುವಂತಿರಬೇಕು. ಎರಡನೆಯದಾಗಿ, ಅದು ಅಳೆಯಬೇಕಾದ ವಸ್ತುವಿನ ಜಾತಿಗೇ ಸೇರಿರಬೇಕು. ಮೂರನೆಯದಾಗಿ, ಎಲ್ಲರೂ ಅದೊಂದನ್ನೇ ಒಪ್ಪಿಕೊಂಡಿರಬೇಕು.

ಒಂದು ಮಾದರಿ ಸಾಲದು

ಎಚ್.ಐ.ವಿ. ಪ್ರತಿಕಾಯಗಳ ವಿಷಯದಲ್ಲಿ ಏರ್ಲಿಕ್ಕನಿಗೆ ಎದುರಾಗದ ಹೊಸದೊಂದು ತೊಡಕುಂಟು. ಈ ವೈರಸ್ಸು ಒಂದೇ ರೂಪದ್ದಲ್ಲ. ಇದರಲ್ಲಿ ಒಂದು ಮತ್ತು ಎರಡು ಎಂಬ ಮುಖ್ಯ ಪ್ರಭೇದಗಳಿವೆ. ಒಂದನೆಯದರಲ್ಲಿ ಹಲವು ಗುಂಪುಗಳೂ ಉಪಜಾತಿಗಳೂ ಇವೆ. ಯುರೋಪು ಮತ್ತು ಅಮೆರಿಕಗಳಲ್ಲಿ ಬಿ ಉಪಜಾತಿಯು ಹೆಚ್ಚು. ಭಾರತದಲ್ಲಿ ಸಿ ಉಪಜಾತಿಯೇ ಪ್ರಧಾನ. ಎರಡನೆಯ ಪ್ರಭೇದವು ಮುಖ್ಯವಾಗಿ ಪಶ್ಚಿಮ ಆಫ್ರಿಕದ್ದಾದರೂ ನಮ್ಮ ದೇಶದಲ್ಲಿಯೂ ಕಂಡುಬಂದಿದೆ. ಅಷ್ಟೇ ಅಲ್ಲ, ಒಂದೇ ಉಪಜಾತಿಯ ಸೋಂಕಿದ್ದರೂ ಇಬ್ಬರ ದೇಹಗಳು ತಯಾರಿಸುವ ಪ್ರತಿಕಾಯಗಳು ಒಂದೇ ತೆರನಾಗಿರುವುದಿಲ್ಲ. ಒಬ್ಬನಲ್ಲಿ ವೈರಸ್ಸಿನ ಹೊರಕವಚದ ಪ್ರೋಟೀನಿಗೆ ಹೊಂದುವ ಪ್ರತಿಕಾಯಗಳು ಹೆಚ್ಚಾಗಿರಬಹುದು. ಮತ್ತೊಬ್ಬನಲ್ಲಿ ಒಳತಿರುಳಿನ ಪ್ರೋಟೀನಿಗೆ ಹೊಂದುವಂಥವು ಹೆಚ್ಚಾಗಿರಬಹುದು. ಕಿಟ್ಟುಗಳ ಪ್ರತಿಜನಕಗಳೂ ಬೇರೆಬೇರೆ. ಒಂದೇ ರಕ್ತವು ಒಂದು ಕಿಟ್ಟಿನಲ್ಲಿ ಗಾಢವಾದ ಬಣ್ಣವನ್ನೂ ಇನ್ನೊಂದರಲ್ಲಿ ತೆಳುವಾದ ಬಣ್ಣವನ್ನೂ ಕೊಡುವುದು ಇದರಿಂದಲೇ.

ಇದರ ಗಂಭೀರತೆಯು ಜಗತ್ತಿಗೆ ಚೆನ್ನಾಗಿ ಮನದಟ್ಟಾದುದು 1994ರಲ್ಲಿ. ಕ್ಯಾಮರೂನ್ ಮತ್ತು ಅದರ ನೆರೆಹೊರೆಯ ದೇಶಗಳಲ್ಲಿ ಮುಖ್ಯವಾಗಿ ಕಂಡುಬರುವ ಓ ಗುಂಪಿನ ವೈರಸ್ಸು ತಗುಲಿದ್ದ ಕೆಲವರ ರಕ್ತವನ್ನು ಮಾರುಕಟ್ಟೆಯಲ್ಲಿದ್ದ ಕೆಲವು ಕಿಟ್ಟುಗಳು ಶುದ್ಧವೆಂದು ತೋರಿಸಿದವೆಂಬ ವರದಿಗಳು ಆ ವರ್ಷ ಪ್ರಕಟವಾದವು. (ಇಲ್ಲಿ ಓ ಎಂಬುದು ವೈರಸ್ಸಿನ ಗುಂಪು, ರಕ್ತದ ಓ ಗುಂಪಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಆ ಕಿಟ್ಟುಗಳು ಕೆಟ್ಟಿರಲಿಲ್ಲ, ಪರೀಕ್ಷೆ ನಡೆಸಿದವರೂ ಅಜಾಗರೂಕರಾಗಿರಲಿಲ್ಲ. ಕಿಟ್ಟುಗಳನ್ನು ರೂಪಿಸಿದುದೂ ಒರೆಹಚ್ಚಿದುದೂ ಬೇರೆ ಜಾತಿಯ ವೈರಸ್ಸಿನ ಆಧಾರದಿಂದ ಎಂಬುದೇ ದೋಷವಾಗಿತ್ತು. ಆಮೇಲೆ ತಯಾರಕರು ಓ ಗುಂಪಿನ ಪ್ರತಿಜನಕವನ್ನೂ ಕಿಟ್ಟುಗಳಲ್ಲಿ ಸೇರಿಸಿದರು.

ಆದಕಾರಣ ಇಲ್ಲಿ ಒಂದೇ ಸೀಸೆಯ ಪ್ರಮಾಣಕ್ಕೆ ಬದಲಾಗಿ ಹಲವು ಮಾದರಿಗಳ ಒಂದು ಮಾಲೆಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕಾಯಿತು. ಇಂತಹ ಪ್ರಥಮ ಅಂತರರಾಷ್ಟ್ರೀಯ ಮಾಲೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಅಂಗೀಕರಿಸಿತು. ಒಂದನೆಯ ಪ್ರಭೇದದ ಬೇರೆಬೇರೆ ಉಪಜಾತಿಗಳು, ಓ ಗುಂಪು, ಎರಡನೆಯ ಪ್ರಭೇದ, ಇವುಗಳ ಪ್ರತಿಕಾಯಗಳುಳ್ಳ ಮಾದರಿಗಳು ಅದರಲ್ಲಿವೆ.

ಮತ್ತೊಂದು ಬಗೆಯ ಮಾಲೆಯೂ ಉಂಟು. ಸೋಂಕು ತಗುಲಿದ ದಿನವೇ ಪ್ರತಿಕಾಯಗಳು ಹುಟ್ಟುವುದಿಲ್ಲ. ಬರಿಯ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳಿಗೆ ಸೋಂಕು ಗೋಚರವಾಗಲು ಸಾಮಾನ್ಯವಾಗಿ 23ರಿಂದ 90 ದಿನಗಳು ಬೇಕು. ವೈರಸ್ಸಿನ ಪ್ರೋಟೀನನ್ನೂ ಜೊತೆಗೆ ಹುಡುಕುವ ಪ್ರಯೋಗಶಾಲೆಯ ಪರೀಕ್ಷೆಗಳಿಗೆ 18ರಿಂದ 45 ದಿನಗಳು ಬೇಕು. ಮೇಲಿಂದ ಮೇಲೆ ಪ್ಲಾಸ್ಮಾ ದಾನಮಾಡುತ್ತಿದ್ದ ದಾನಿಯೊಬ್ಬನಿಗೆ ನಡುವೆ ಸೋಂಕು ತಗುಲಿದ್ದರೆ, ಕಾದಿಟ್ಟ ಅವನ ಮಾದರಿಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ ಪ್ರತಿಕಾಯಗಳು ಹಂತಹಂತವಾಗಿ ಮೂಡುವುದು ಕಾಣುತ್ತದೆ. ಎರಡು ಕಿಟ್ಟುಗಳಲ್ಲಿ ಯಾವುದು ಎಷ್ಟು ದಿನ ಮೊದಲು ಸೋಂಕನ್ನು ಹಿಡಿಯುತ್ತದೆಂಬುದನ್ನು ಈ ಮಾಲೆಯಿಂದ ನಿರ್ಣಯಿಸಬಹುದು.

ಮಾದರಿಯ ತಯಾರಿಕೆ

ಅಂತರರಾಷ್ಟ್ರೀಯ ಪ್ರಮಾಣಗಳ ಸಂಗ್ರಹ ಪರಿಮಿತವಾದುದು; ಅದನ್ನು ದಿನದಿನದ ಕೆಲಸಕ್ಕೆ ವ್ಯಯಮಾಡುವಂತಿಲ್ಲ. ಆದುದರಿಂದ ಅದರೊಡನೆ ಹೋಲಿಸಿ ರಾಷ್ಟ್ರೀಯ ಮಾದರಿಗಳನ್ನೂ, ಅವುಗಳೊಡನೆ ಹೋಲಿಸಿ ಪ್ರಯೋಗಶಾಲೆಯ ನಿತ್ಯದ ಮಾದರಿಗಳನ್ನೂ ತಯಾರಿಸುತ್ತಾರೆ. ಇದರ ಕ್ರಮ ಹೀಗಿದೆ.

ಮೊದಲು, ಸೋಂಕಿರುವ ದಾನಿಯ ಒಪ್ಪಿಗೆಯನ್ನು ಪಡೆದು ಪ್ಲಾಸ್ಮಾವನ್ನು ಸಂಗ್ರಹಿಸುತ್ತಾರೆ. ಅದರಲ್ಲಿ ಕಾಮಾಲೆಯನ್ನುಂಟುಮಾಡುವ ಬಿ ಮತ್ತು ಸಿ ವೈರಸ್ಸುಗಳಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ಪ್ಲಾಸ್ಮಾದಲ್ಲಿರುವ ಎಚ್.ಐ.ವಿ.ಯನ್ನು ನಿಷ್ಕ್ರಿಯಗೊಳಿಸಬೇಕು. 56 ಡಿಗ್ರಿ ಶಾಖದಲ್ಲಿ ಸುಮಾರು ಅರ್ಧ ಗಂಟೆ ಇಡುವುದು ಒಂದು ಹಳೆಯ ವಿಧಾನ. ಆದರೆ ಕಾವು ಮಿತಿಮೀರಿದರೆ ಪ್ರತಿಕಾಯಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಸುಳ್ಳು ಬಣ್ಣವನ್ನು ತೋರಿಸಬಹುದು. ಆದುದರಿಂದ ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಕರಗಿಸುವ ರಾಸಾಯನಿಕಗಳನ್ನೂ ಬಳಸುವುದುಂಟು.

ಅನಂತರ ಪ್ಲಾಸ್ಮಾದಲ್ಲಿರುವ, ಹೆಪ್ಪುಗಟ್ಟುವ ನಾರಿನಂತಹ ಪ್ರೋಟೀನನ್ನು ತೆಗೆದುಹಾಕಬೇಕು. ಇಲ್ಲದಿದ್ದರೆ ಸೀಸೆಯಲ್ಲಿ ಗಷ್ಟುಗಟ್ಟೀತು. ತಿಳಿಯಾದ ದ್ರವವನ್ನು ಸೋಂಕಿಲ್ಲದ ಸೀರಮ್ಮಿನೊಡನೆ ಬೆರೆಸಿ ಬೇಕಾದ ಬಲಕ್ಕೆ ಇಳಿಸುತ್ತಾರೆ. ಅರ್ಧ ಲೀಟರು ಪ್ಲಾಸ್ಮಾವನ್ನು ನೂರು ಪಟ್ಟು ತೆಳುಮಾಡಿದರೆ 50 ಲೀಟರಾಯಿತು. ಒಂದೊಂದು ಮಿಲಿಲೀಟರಿನಂತೆ ಹಂಚಿದರೆ 50,000 ಸೀಸೆಗಳಾದವು. ಒಬ್ಬ ದಾನಿಯ ಔದಾರ್ಯವು ಎಷ್ಟು ದೂರ ಸಾಗಬಲ್ಲುದೆಂಬುದನ್ನು ಇದರಿಂದ ಊಹಿಸಬಹುದು.

ದ್ರವವು ಕೊಳೆಯದಂತೆ ಒಂದು ರಕ್ಷಕವಸ್ತುವನ್ನು ಸೇರಿಸಬೇಕು. ಇಲ್ಲಿಯೂ ಎಚ್ಚರ ಬೇಕು. ಪ್ರಯೋಗಶಾಲೆಗಳಲ್ಲಿ ಬಹಳವಾಗಿ ಬಳಸುವ ಸೋಡಿಯಂ ಅಜೈಡ್ ಎಂಬ ರಕ್ಷಕವು, ಎಲೈಸಾದಲ್ಲಿ ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವವನ್ನೇ ತಡೆಯುತ್ತದೆ. ಅಳತೆಗೋಲನ್ನು ಕಾಪಾಡಲೆಂದು ಹಾಕಿದ ವಸ್ತುವು ಅಳತೆಯನ್ನೇ ಕೆಡಿಸಿದಂತಾಗುವುದು! ಆದುದರಿಂದ ಇಂತಹ ಮಾದರಿಗಳಿಗೆ ಬೇರೆ ರಕ್ಷಕಗಳನ್ನು ಆರಿಸಿಕೊಳ್ಳುತ್ತಾರೆ.

ಸೀಸೆಗಳಿಗೆ ತುಂಬಿದ ಮೇಲೆ ಎರಡು ಗುಣಗಳನ್ನು ಸಿದ್ಧಪಡಿಸಿ ತೋರಿಸಬೇಕು. ಒಂದು, ಏಕರೂಪತೆ: ಮೊದಲಿನ, ನಡುವಿನ, ಕೊನೆಯ ಸೀಸೆಗಳನ್ನು ಮನಬಂದಂತೆ ಎತ್ತಿಕೊಂಡು ಪರೀಕ್ಷಿಸಿದರೂ ಒಂದೇ ಬಲವು ಕಾಣಬೇಕು. ಎರಡು, ಸ್ಥಿರತೆ: ಕೆಲವು ಸೀಸೆಗಳನ್ನು ಕೊರೆಯುವ ತಂಪಿನಲ್ಲಿಯೂ, ಕೆಲವನ್ನು 4, 20, 37, 45 ಡಿಗ್ರಿಗಳಲ್ಲಿಯೂ ಇಟ್ಟು ತಿಂಗಳುಗಟ್ಟಲೆ ಪರಿಶೀಲಿಸುತ್ತಾರೆ. ಶಾಖ ಹೆಚ್ಚಿದಂತೆ ಕೆಡುವ ವೇಗವೂ ಹೆಚ್ಚುವುದರಿಂದ, ಬಿಸಿಯಲ್ಲಿ ಕಂಡ ವೇಗಗಳಿಂದ ತಂಪಿನಲ್ಲಿ ಎಷ್ಟು ವರ್ಷ ಬಾಳೀತೆಂಬುದನ್ನು ಗಣಿಸಬಹುದು. ಬಹುಕಾಲ ಇಡಬೇಕಾದ ಪ್ರಮಾಣಗಳನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು ವಾಡಿಕೆ.

ಕಡೆಯದಾಗಿ, ಇದೇ ಮಾದರಿಗಳನ್ನು ಹಲವು ಪ್ರಯೋಗಶಾಲೆಗಳಿಗೆ ಗುಪ್ತ ಸಂಕೇತಗಳೊಡನೆ ಕಳುಹಿಸುತ್ತಾರೆ. ಬೇರೆಬೇರೆ ಕೈಗಳಿಂದ, ಬೇರೆಬೇರೆ ಕಿಟ್ಟುಗಳಿಂದ ಬಂದ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ ಮೇಲೆಯೇ ಅದಕ್ಕೆ ಪ್ರಮಾಣವೆಂಬ ಪದವಿ ದೊರೆಯುತ್ತದೆ.

ದಿನದಿನದ ಕಾವಲು

ಕಿಟ್ಟಿನೊಡನೆ ತಯಾರಕರೇ ಒಂದು ಸೋಂಕಿನ ಮಾದರಿಯನ್ನು ಕೊಟ್ಟಿರುತ್ತಾರಲ್ಲವೇ, ಬೇರೊಂದೇಕೆ ಎಂದು ವಾಚಕರು ಕೇಳಬಹುದು. ಆ ಮಾದರಿಯು ಸಾಮಾನ್ಯವಾಗಿ ಬಹಳ ಬಲವಾದುದು. ಶಾಖ ಇಳಿದಿದ್ದರೂ, ಕಿಣ್ವ ಕುಂದಿದ್ದರೂ, ಅದು ಗಡಿಯನ್ನು ದಾಟಿಯೇ ದಾಟುತ್ತದೆ. ತುಂಬಿದ ಹೊಳೆಯಲ್ಲಿ ಒಂದು ಗೇಣು ನೀರು ಇಳಿದರೆ ಯಾರಿಗೂ ತಿಳಿಯದು. ಮೊಣಕಾಲುದ್ದದ ಹಳ್ಳದಲ್ಲಿ ಅಷ್ಟೇ ಇಳಿದರೆ ಒಡನೆಯೇ ಕಾಣುತ್ತದೆ. ಆದುದರಿಂದ ನಿತ್ಯದ ಕಾವಲಿನ ಮಾದರಿಯು ಗಡಿಗೆ ಸಮೀಪದಲ್ಲಿರುವಂತೆ, ಬೇಕೆಂದೇ ದುರ್ಬಲವಾಗಿರಬೇಕು.

ಒಂದು ಪ್ರಯೋಗಶಾಲೆಯು ಇಂತಹ ಮಾದರಿಯನ್ನು 20 ದಿನ ಪರೀಕ್ಷಿಸಿತೆಂದೂ, ಬಂದ ಅಂಕಗಳು ಸರಾಸರಿಯಲ್ಲಿ ಗಡಿಸಂಖ್ಯೆಯ 2.5 ಪಟ್ಟಿದ್ದು, ಅವುಗಳ ಪ್ರಮಾಣ ವಿಚಲನೆಯು 0.2 ಆಯಿತೆಂದೂ ಭಾವಿಸೋಣ. ಎಲ್ಲವೂ ಕ್ರಮವಾಗಿದ್ದರೆ ನೂರಕ್ಕೆ 95 ಸಲ ಅಂಕವು 2.1 ಮತ್ತು 2.9ರ ನಡುವೆ ಬೀಳುತ್ತದೆ, 1.9ಕ್ಕಿಂತ ಕಡಮೆಯಾಗಿಯೋ 3.1ಕ್ಕಿಂತ ಹೆಚ್ಚಾಗಿಯೋ ಬರುವುದು ಸಾವಿರಕ್ಕೆ ಮೂರು ಸಲ ಮಾತ್ರ. ಅಂತಹ ಅಂಕ ಬಂದರೆ ಆ ದಿನದ ಪರೀಕ್ಷೆಗಳನ್ನೆಲ್ಲ ತಡೆಹಿಡಿದು ಕಾರಣವನ್ನು ಹುಡುಕುತ್ತಾರೆ. ದಿನದ ಅಂಕಗಳನ್ನು ಚೌಕಳಿ ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸುವ ಈ ಪದ್ಧತಿಯನ್ನು ವಾಲ್ಟರ್ ಶೂಹಾರ್ಟ್ ಎಂಬವರು 1924ರಲ್ಲಿ ಕಾರ್ಖಾನೆಗಳಿಗಾಗಿ ರೂಪಿಸಿದರು. 1950ರಲ್ಲಿ ಲೀವಿ ಮತ್ತು ಜೆನ್ನಿಂಗ್ಸ್ ಎಂಬವರು ಅದನ್ನು ವೈದ್ಯಕೀಯ ಪ್ರಯೋಗಶಾಲೆಗೆ ತಂದರು.

ಈಗ ಹೊಸ ಬ್ಯಾಚಿನ ಕಿಟ್ಟು ಬಂದ ಮೇಲೆ ಅಂಕಗಳು ಕ್ರಮವಾಗಿ 2.4, 2.4, 2.3, 2.3, 2.2, 2.2, 2.1 ಎಂದು ಬಂದವೆನ್ನೋಣ. ಒಂದಾದರೂ ಮೇರೆಯನ್ನು ಮೀರಿಲ್ಲ. ಆದರೆ ಏಳೂ ಸರಾಸರಿಗಿಂತ ಕೆಳಗಿವೆ. ಆಕಸ್ಮಿಕವಾಗಿ ಹೀಗಾಗುವ ಸಂಭವವು, ಚಿಮ್ಮಿದ ನಾಣ್ಯವು ಏಳು ಸಲವೂ ಹಿಂಬದಿಯಾಗಿಯೇ ಬೀಳುವಂತೆ, 128ರಲ್ಲಿ ಒಂದು. ಯಾವುದೋ ಒಂದು ಶಕ್ತಿ ಕುಂದುತ್ತಿದೆಯೆಂದು ಜಾಣನಾದ ಪರೀಕ್ಷಕನು ಆಗಲೇ ಅರಿಯುತ್ತಾನೆ. ರೋಗಿಯೊಬ್ಬನ ಫಲಿತಾಂಶ ತಪ್ಪುವ ಮೊದಲೇ ತಪ್ಪು ಸಿಕ್ಕಿಬಿದ್ದಿರುತ್ತದೆ.

ನಮ್ಮ ದೇಶದಲ್ಲಿ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದ್ರಾಸಿನಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಸಂಗ್ರಹಿಸಿದ ಮಾದರಿಗಳನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷಿಸಲಾಯಿತು. ಕೆಲವು ಪ್ರತಿಕ್ರಿಯೆ ತೋರಿದರೂ ಅಷ್ಟರಿಂದಲೇ ನಿರ್ಣಯಕ್ಕೆ ಬರದೆ, ಮಾದರಿಗಳನ್ನು ಅಮೆರಿಕಕ್ಕೆ ಕಳುಹಿಸಿ ಬೇರೊಂದು ವಿಧಾನದಿಂದ ಖಚಿತಪಡಿಸಿಕೊಂಡರು.

ಇಂದು ಅದಕ್ಕಾಗಿ ಹೊರದೇಶಕ್ಕೆ ಹೋಗಬೇಕಾಗಿಲ್ಲ. 1992ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯು, ದೇಶದ ಪ್ರಯೋಗಶಾಲೆಗಳ ಕೆಲಸವನ್ನು ಹೊರಗಿನಿಂದ ಒರೆಹಚ್ಚುವ ವ್ಯವಸ್ಥೆಗೆ ತಲೆಯಾಗಿ ಬೆಳೆಯಿತು. ಗುಪ್ತ ಸಂಕೇತಗಳುಳ್ಳ ಮಾದರಿಗಳು ಅಲ್ಲಿಂದ ರಾಷ್ಟ್ರೀಯ ಪ್ರಯೋಗಶಾಲೆಗಳಿಗೂ, ಅಲ್ಲಿಂದ ರಾಜ್ಯಮಟ್ಟದವುಗಳಿಗೂ, ಕೊನೆಗೆ ಜಿಲ್ಲೆ ತಾಲ್ಲೂಕುಗಳ ಪರೀಕ್ಷಾ ಕೇಂದ್ರಗಳಿಗೂ ಹರಿಯುವಂತೆ ಈ ವ್ಯವಸ್ಥೆಯನ್ನು ಕಟ್ಟಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪ್ರಯೋಗಶಾಲೆಯು ಈ ರಾಷ್ಟ್ರೀಯ ಪ್ರಯೋಗಶಾಲೆಗಳಲ್ಲಿ ಒಂದು. ಕಿಟ್ಟುಗಳ ಬ್ಯಾಚುಗಳನ್ನು ಪರೀಕ್ಷಿಸುವ ಕೆಲಸದಲ್ಲಿ ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆಯು ಪ್ರಮುಖವಾದುದು. ನಮ್ಮಲ್ಲಿ ಸಿ ಉಪಜಾತಿಯೇ ಹೆಚ್ಚಾಗಿರುವುದರಿಂದ, ನಮ್ಮ ಜನರ ರಕ್ತದಿಂದಲೇ ಕಟ್ಟಿದ ಮಾಲೆಗಳು ನಮಗೆ ಅವಶ್ಯಕ. ಪರದೇಶದ ಮಾದರಿಗಳಿಂದ ಮಾತ್ರ ಒರೆಹಚ್ಚಿದ ಕಿಟ್ಟು ನಮ್ಮಲ್ಲಿಯೂ ಅಷ್ಟೇ ಚೆನ್ನಾಗಿ ನಡೆಯುವುದೆಂದು ನಂಬುವುದು ಸಲ್ಲದೆಂಬುದಕ್ಕೆ ಓ ಗುಂಪಿನ ಪ್ರಸಂಗವೇ ಸಾಕ್ಷಿ.

ಸೋಂಕನ್ನು ಬೇಗನೆ ತಿಳಿದು ಔಷಧಿಯನ್ನು ತಪ್ಪದೆ ಸೇವಿಸುವವರು ಈಗ ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ಈ ಚಿಕಿತ್ಸೆಯ ಬಾಗಿಲು ತೆರೆಯುವುದು ಪರೀಕ್ಷೆಯಿಂದ. ಆ ಪರೀಕ್ಷೆಯ ಮಾತನ್ನು ಜನರು ನಂಬಬೇಕಾದರೆ, ಅದರ ಬೆನ್ನಿಗೆ ಪ್ರತಿದಿನವೂ ಮತ್ತೊಂದು ಪರೀಕ್ಷೆಯು ನಡೆಯುತ್ತಿರಬೇಕು. ಪ್ರಯೋಗಶಾಲೆಯ ಶೀತಪೆಟ್ಟಿಗೆಯಲ್ಲಿ ಸಾಲಾಗಿ ನಿಂತಿರುವ ಕಿರುಸೀಸೆಗಳು ಯಾವ ರೋಗಿಯ ಹೆಸರನ್ನೂ ಹೊತ್ತಿಲ್ಲ. ಆದರೂ ಅಲ್ಲಿಗೆ ಬರುವ ಪ್ರತಿಯೊಬ್ಬ ರೋಗಿಯ ಫಲಿತಾಂಶಕ್ಕೂ ಅವು ಹೊಣೆಯಾಗಿ ನಿಂತಿವೆ.